ಸೌತ್ ಒಮಾಹಾದ ಲೋನಾ ಡೆಲ್

ಲೋನಾ ಡೆಲ್ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದಾಗ ಆಲ್ಬಿನಾ ಸ್ಟುಪ್ಕಾ ಹಂದಿಮಾಂಸಕ್ಕೆ ಶಾಜೀರಿಗೆ ಉದುರಿಸುತ್ತಿದ್ದಳು. 1974ನೇ ಇಸವಿ, ಮಾರ್ಚ್ ತಿಂಗಳ ಒಂದು ಭಾನುವಾರ. ಚರ್ಚಿನಿಂದ ಬಂದವಳು ಬಟ್ಟೆ ಬದಲಿಸದೆ ಮೇಲೊಂದು ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದಳು. ಗಂಡ ಎಮಿಲ್ ಮೇಜಿನ ಹತ್ತಿರ ಕೂತು ಪತ್ರಿಕೆಯಲ್ಲಿ ಸತ್ತವರ ಪಟ್ಟಿ ಓದುತ್ತಿದ್ದ. ಐವತ್ತೆಂಟು ತುಂಬಿದಾಗಿನಿಂದ ಅವನು ಪತ್ರಿಕೆಯನ್ನು ಆ ಪುಟದಿಂದಲೇ ಶುರುಮಾಡುತ್ತಿದ್ದ.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ವೆಂಡೆಲ್ ಆಸ್ಟ್ರಾಂಡರ್ ಎಂಬ ಔಷಧಿ ಅಂಗಡಿಯವನು ರೇಡಿಯೋದಲ್ಲಿ ಸ್ವಿಂಗ್ ಎಂಬ ಹಳೆಯ ಕುಣಿತದ ಸಂಗೀತದ ಗ್ರಾಮಫೋನ್ ಪ್ಲೇಟುಗಳನ್ನು ಹಾಕುತ್ತಿದ್ದ. ಯಾವ ಪ್ಲೇಟು ಯಾವ ತಾರೀಖಿನದು, ಯಾವ ಬ್ಯಾಂಡಿನಲ್ಲಿ ಯಾರು ಏನು ನುಡಿಸಿದರು ಎಂಬುದನ್ನೆಲ್ಲ ಮಾತ್ರೆ ಎಣಿಸಿ ಕೊಡುವವನ ಶ್ರದ್ಧೆಯಲ್ಲೇ ಹೇಳುತ್ತಿದ್ದ.

"ಇವತ್ತು ಒಂದು ಬೇಜಾರಿನ ಸುದ್ದಿ," ಎಂದ ಆಸ್ಟ್ರಾಂಡರ್. "ಮರ್ಲ್ ಹಾಲ್ಡೇನ್ ಬ್ಯಾಂಡಲ್ಲಿ ಹಾಡ್ತಿದ್ದ ಲೋನಾ ಡೆಲ್, ಅವರ ನಿಜವಾದ ಹೆಸರು ಫಿಲಿಸ್ ಥಾರ್ಪ್, ಹೋದ ವಾರ ಡೆಮೊಯಿನ್‌ನಲ್ಲಿ ತೀರಿಕೊಂಡ್ರಂತೆ. ಅವರ ನೆನಪಿಗೆ, ಅವರು ಹಾಡಿದ್ದರಲ್ಲೆಲ್ಲ ಒಳ್ಳೇದು ಅಂತ ನನಗೆ ಅನ್ಸೋ ಹಾಡು, 'ಕೊನೆಯ ಬಸ್ಸು ಹೋದ ಮೇಲೆ'."

ಸೂಜಿಯ ಚರಚರ ಕೇಳಿಸಿತು. ಸ್ಯಾಕ್ಸೋಫೋನುಗಳು ಒಟ್ಟಿಗೆ ಉಸಿರೆಳೆದುಕೊಂಡವು. ಅರ್ಧ ಹಾಡು ಬ್ಯಾಂಡಿನದೇ. ಆಮೇಲೆ ಟ್ರಾಂಬೋನ್ ಎಂಬ ಉದ್ದ ಕಹಳೆ ಮೂರು ಸ್ವರ ಹತ್ತಿ ನಿಂತಿತು, ಒಬ್ಬ ಹುಡುಗಿಯ ತಗ್ಗಿದ ದನಿ ಬಂತು. ಗಟ್ಟಿಯಾಗಿ ಕೂಗದೆ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹಾಡಿದಳು. ಒಂದು ನಿಮಿಷವೂ ಇಲ್ಲ. ಅಷ್ಟರಲ್ಲಿ ಬ್ಯಾಂಡು ಮತ್ತೆ ಹಾಡನ್ನು ತನ್ನ ಕೈಗೆ ತೆಗೆದುಕೊಂಡಿತು. ಆಲ್ಬಿನಾ ಶಾಜೀರಿಗೆಯ ಮುಷ್ಟಿ ಹಿಡಿದುಕೊಂಡೇ ನಿಂತಿದ್ದಳು. ಆ ದನಿ ಅವಳದು.

ಎಮಿಲ್ ಪತ್ರಿಕೆ ಮಡಚಿದ. "ಪಾಪ, ಸತ್ತೇಹೋದ್ಲಂತೆ. ಇನ್ನಾದ್ರೂ ಆ ಮಾತು ಬಿಟ್ಟುಬಿಡೇ ಆಲ್ಬಿ. ಸತ್ತವರ ವಸ್ತು ನಮಗೆ ಬೇಡ," ಎಂದ. ಮೆತ್ತಗೆ, ದಯೆಯಿಂದ ಹೇಳಿದ. ಅವಳಿಗೆ ಇಷ್ಟು ವರ್ಷ ಮೈ ಉರಿಸಿದ್ದು ಅವನ ಆ ದಯೆಯೇ.

ಇದು ಶುರುವಾದದ್ದು ಪೋಸ್ಟರುಗಳಿಂದ. ಆಲ್ಬಿನಾ ಹುಟ್ಟಿದ್ದು ಹ್ರುಷ್ಕಾ ಮನೆತನದಲ್ಲಿ. ಅಪ್ಪ ಮಾತೇಜ್ ಹ್ರುಷ್ಕಾ ಕಸಾಯಿಖಾನೆಯಲ್ಲಿ ದನ ಸೀಳುವವನು. ಸೌತ್ ಒಮಾಹಾದ ಅರ್ಧ ಗಂಡಸರು ಆಗ ಅದೇ ಕೆಲಸದವರು. ಗಾಳಿ ದಕ್ಷಿಣಕ್ಕೆ ತಿರುಗಿದ ದಿನ ಅಲ್ಲಿಯ ನಾತಕ್ಕೆ ಒಗೆದ ಬಟ್ಟೆ ಹೊರಗೆ ಒಣಹಾಕುವ ಹಾಗಿರಲಿಲ್ಲ. 1940ರ ಫೆಬ್ರವರಿಯಲ್ಲಿ, ಅವಳಿಗೆ ಇಪ್ಪತ್ತು ತುಂಬುವ ಮೊದಲು, ಚೆಕ್ ಜನರ ಸಭಾಭವನದ ಮದುವೆಯೊಂದರಲ್ಲಿ ಅವಳು ಹಾಡಿದ್ದನ್ನು ಆರ್ವಿಲ್ ಪೀಕ್ ಎಂಬ ಪಿಯಾನೋದವನು ಕೇಳಿದ. ಹಾಲ್ಡೇನ್ ಬ್ಯಾಂಡಿನವನು. ಬ್ಯಾಂಡಿನ ಹಾಡುಗಾರ್ತಿ ಫಿಲಿಸ್ ಥಾರ್ಪ್ ಹಿಂದಿನ ವಾರವಷ್ಟೇ ಡೆಮೊಯಿನ್‌ನ ಒಬ್ಬ ಹಲ್ಲಿನ ಡಾಕ್ಟರನ್ನು ಮದುವೆಯಾಗಿ ಬಸ್ಸಿನಿಂದ ಇಳಿದುಹೋಗಿದ್ದಳು. ಶನಿವಾರಕ್ಕೆ ಒಬ್ಬಳು ಬೇಕಾಗಿತ್ತು.

ಹಾಲ್ಡೇನ್ ಅವಳ ಹಾಡು ಕೇಳಿ, ಸರಿ ಎಂದ. ಹೆಸರು ಕೇಳಲಿಲ್ಲ. ಬಸ್ಸಿನ ಹಿಂದಿನ ಸೀಟಿನ ಕಡೆ ಕೈ ತೋರಿಸಿದ. ಅಲ್ಲಿ ಕಟ್ಟುಕಟ್ಟು ಪೋಸ್ಟರುಗಳಿದ್ದವು. ಎಲ್ಲದರಲ್ಲೂ ಫಿಲಿಸ್‌ಳ ಮುಖ, ಕೆಳಗೆ 'ಲೋನಾ ಡೆಲ್' ಎಂಬ ದೊಡ್ಡ ಅಕ್ಷರ.

"ಪೋಸ್ಟರ್ ಮುಗಿಯೋವರೆಗೆ ನೀನೇ ಲೋನಾ ಡೆಲ್," ಎಂದ ಹಾಲ್ಡೇನ್. "ಮುಗಿದ್ಮೇಲೆ ನಿನ್ನ ಹೆಸರಿಗೆ ಏನಾದ್ರೂ ಮಾಡೋಣ."

"ಮುಖ ಬೇರೆ ಅಲ್ವಾ ಸರ್?"

"ಕುಣಿಯೋಕೆ ಬಂದವರು ಗೋಡೆ ನೋಡಲ್ಲ ಕಣಮ್ಮ."

ಆಲ್ಬಿನಾಗೆ ಆಗ ಅದು ಅನುಕೂಲವೇ ಆಯಿತು. "ಹೋಗ್ತೀಯಾ ಹೋಗು. ಆದರೆ ಹ್ರುಷ್ಕಾ ಅನ್ನೋ ಹೆಸರು ಕುಣಿತದ ಮನೆ ಗೋಡೆ ಮೇಲೆ ಬಂತೋ, ಈ ಬಾಗಿಲು ನಿನಗೆ ಮುಚ್ತು," ಎಂದಿದ್ದ ಅಪ್ಪ. ಹೆಸರು ಎಲ್ಲೂ ಬರಲಿಲ್ಲ. ಮಗಳು ಬೇರೆ ಊರಲ್ಲಿ ಮನೆಗೆಲಸಕ್ಕಿದ್ದಾಳೆ ಎಂದು ಅಪ್ಪ ನೆರೆಯವರಿಗೆ ಹೇಳಿದ. ಪೋಸ್ಟರುಗಳೂ ಮುಗಿಯಲಿಲ್ಲ, ಹಾಲ್ಡೇನ್ ಅದೇ ಅಚ್ಚಿನಿಂದ ಮತ್ತಷ್ಟು ಹಾಕಿಸಿದ.

ಬ್ಯಾಂಡಿನ ಹಾಡುಗಾರ್ತಿಯ ಕೆಲಸ ಮುಖ್ಯವಾಗಿ ಕೂರುವುದು. ವೇದಿಕೆಯ ತುದಿಯಲ್ಲಿ ಒಂದು ಕುರ್ಚಿ. ಅದರ ಮೇಲೆ ಮಂಡಿ ಜೋಡಿಸಿ, ಕೈಯನ್ನು ತೊಡೆಯ ಮೇಲಿಟ್ಟು, ನಾಲ್ಕು ಗಂಟೆ ಹೊತ್ತು ಮುಗುಳ್ನಗಬೇಕು. ಸರದಿ ಬಂದಾಗ ಎದ್ದು ಹಾಡಿನ ನಡುವಿನ ಒಂದು ಸುತ್ತು ಹಾಡಿ ಮತ್ತೆ ಕೂರಬೇಕು. ಬಸ್ಸಿನಲ್ಲಿ ಹದಿನಾಲ್ಕು ಗಂಡಸರ ಕೋಟಿನ ಗುಂಡಿ ಹೊಲಿಯುವುದು ಯಾರೂ ಒಪ್ಪಿಸದೆಯೇ ಅವಳ ಪಾಲಿಗೆ ಬಂತು. ಎರಡೂವರೆ ವರ್ಷ ನೆಬ್ರಾಸ್ಕಾ, ಅಯೋವಾ, ಕಾನ್ಸಾಸ್, ಎರಡು ಡಕೋಟಾಗಳಲ್ಲಿ ಅವಳು ಹೀಗೆ ಕೂತಳು. ಸುಖವಾಗಿದ್ದಳು ಎಂದೇ ಹೇಳಬೇಕು. ಆ ಒಂದು ಸುತ್ತಿಗಾಗಿ ಉಳಿದದ್ದನ್ನೆಲ್ಲ ಸಹಿಸುವಷ್ಟು ಸುಖವಾಗಿದ್ದಳು.

1940ರ ಮೇ ತಿಂಗಳಲ್ಲಿ ಬ್ಯಾಂಡು ಶಿಕಾಗೋಗೆ ಹೋಗಿ ಒಂದೇ ದಿನ ಆರು ಹಾಡುಗಳನ್ನು ರೆಕಾರ್ಡು ಮಾಡಿತು. ಆರರಲ್ಲೂ ಹಾಡಿದ್ದು ಆಲ್ಬಿನಾ. ಅದಕ್ಕೂ ಮೊದಲು, ಹಿಂದಿನ ಡಿಸೆಂಬರಿನಲ್ಲಿ, ಫಿಲಿಸ್ ಎರಡು ಹಾಡಿದ್ದಳು. ಎಂಟೂ ಪ್ಲೇಟುಗಳ ನಡುವಿನ ಕಾಗದದ ಮೇಲೆ ಒಂದೇ ಸಾಲು: ಹಾಡು, ಲೋನಾ ಡೆಲ್. 1942ರಲ್ಲಿ ಸೈನ್ಯದ ಕರೆ ಬಂದು ಬ್ಯಾಂಡಿನ ಗಂಡಸರು ಒಬ್ಬೊಬ್ಬರಾಗಿ ಹೋದರು. ಅವಳು ಮನೆಗೆ ಬಂದು ಯುದ್ಧವಿಮಾನದ ಕಾರ್ಖಾನೆಯಲ್ಲಿ ತಗಡು ಕೂಡಿಸುವ ರಿವೆಟ್ ಮೊಳೆ ಹೊಡೆದಳು. ಅಪ್ಪ 1944ರಲ್ಲಿ ಸತ್ತ.

1946ರ ಒಂದು ಶನಿವಾರ ಸಂಜೆ ಲಾಡಾನ ಬಿಯರ್ ಅಂಗಡಿಯಲ್ಲಿ ಆ ಕಷ್ಟ ಶುರುವಾಯಿತು. ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆ ಹೊಸದಾಗಿ ಬಂದಿತ್ತು. ಯಾರೋ 'ಕೊನೆಯ ಬಸ್ಸು' ಹಾಕಿದರು. ಆಗ ಅವಳಿಗೆ ಎಮಿಲ್ ಜೊತೆ ಮದುವೆ ನಿಶ್ಚಯವಾಗಿ ಹದಿನೈದು ದಿನ. ಎರಡು ಲೋಟ ಬಿಯರ್ ಒಳಗೆ ಹೋಗಿತ್ತು. ಅಪ್ಪನ ಭಯವೂ ಇರಲಿಲ್ಲ. "ಅದು ನಾನೇ," ಎಂದುಬಿಟ್ಟಳು. ಅಂಗಡಿಯ ಗೋಡೆಯಲ್ಲಿ, ಯುದ್ಧಕ್ಕೂ ಮೊದಲು ಅಂಟಿಸಿದ್ದು, ಹಾಲ್ಡೇನ್ ಬ್ಯಾಂಡಿನ ಪೋಸ್ಟರು ಇನ್ನೂ ಇತ್ತು. ಹೊಂಬಣ್ಣದ ಕೂದಲು, ಗಲ್ಲದಲ್ಲಿ ಗುಳಿ, ಲೋನಾ ಡೆಲ್. ಜನ ಪೋಸ್ಟರು ನೋಡಿದರು, ಕಪ್ಪು ಕೂದಲಿನ, ಅಗಲ ಮುಖದ ಆಲ್ಬಿನಾ ಹ್ರುಷ್ಕಾಳನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಮಿಲ್ ಕೂಡ ನಕ್ಕ. ಅವಳು ಪೋಸ್ಟರಿನ ಕಥೆ ವಿವರಿಸಲು ಹೋದಷ್ಟೂ ಅದು ಕಟ್ಟುಕಥೆಯ ಹಾಗೇ ಕೇಳಿಸಿತು.

ಮನೆಗೆ ನಡೆದುಹೋಗುವಾಗ ಎಮಿಲ್ ಅವಳ ಕೈ ಹಿಡಿದು, "ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಕಣೇ. ಒಂದು ಮಾತು ಉಬ್ಬಿಸಿ ಹೇಳ್ದೆ, ಆಯ್ತು, ಅದನ್ನ ನಾನು ಕ್ಷಮಿಸ್ದೆ," ಎಂದಿದ್ದ. ಎಮಿಲ್ ಕೆಟ್ಟವನಲ್ಲ. ಅಕಾರ್ಡಿಯನ್ ಬಾರಿಸುವವನು, ಪೋಲ್ಕಾ ಕುಣಿತಕ್ಕೆ ಪ್ರಾಣ ಬಿಡುವವನು, ಸ್ವಿಂಗ್ ಎಂದರೆ ಮೂಗು ಮುರಿಯುವವನು. ಆದರೆ ಅವನು ಕೊಟ್ಟ ಆ ಕ್ಷಮೆಯನ್ನು ಅವಳು ಇಪ್ಪತ್ತೆಂಟು ವರ್ಷ, ತನ್ನದಲ್ಲದ ಅಳತೆಯ ಚಪ್ಪಲಿಯ ಹಾಗೆ, ಹಾಕಿಕೊಂಡು ನಡೆಯಬೇಕಾಯಿತು. ಊರಿನವರಿಗಂತೂ ಅವಳು ಲೋನಾ ಆಗಿಬಿಟ್ಟಳು. ಹಾಡುಗಾರ್ತಿ ಎಂದಲ್ಲ, ಸುಳ್ಳುಬುರುಕಿ ಎಂಬರ್ಥದಲ್ಲಿ. ಯಾರಾದರೂ ಹಿಡಿದ ಮೀನಿನ ಉದ್ದ ಹೆಚ್ಚು ಹೇಳಿದರೆ, "ಲೋನಾ ಹತ್ರ ಕಲಿತ್ಯಾ?" ಎಂದು ಕೇಳುವ ರೂಢಿ ಆ ಬೀದಿಯಲ್ಲಿ ಬಂತು.

ರೇಡಿಯೋದಲ್ಲಿ ಸಾವಿನ ಸುದ್ದಿ ಬಂದ ಮಾರನೆಯ ದಿನ, ಸೋಮವಾರ, ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಇಪ್ಪತ್ತೆರಡು ವರ್ಷದಿಂದ ಶಾಲೆಯೊಂದರ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಜೊತೆಯವಳು ಬ್ಲಾಂಚ್ ವೊಂಡ್ರಾ ಆಲೂಗಡ್ಡೆ ಸುಲಿಯುತ್ತಿದ್ದವಳು ಅವಳನ್ನು ಕಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಅಯ್ಯಯ್ಯೋ, ದೆವ್ವ! ಏನೇ ಲೋನಾ, ನೀನು ಸತ್ತೋದ್ಯಂತಲ್ಲ, ರೇಡಿಯೋದಲ್ಲಿ ಹೇಳಿದ್ರು! ಮತ್ತೆ ಆಲೂಗಡ್ಡೆ ಸುಲಿಯೋಕೆ ಯಾಕೇ ಬಂದೆ ಮಾರಾಯ್ತಿ?"

"ಸ್ವರ್ಗದಲ್ಲಿ ಅಡುಗೆಯವರು ಸಿಕ್ಕಿದ್ರಂತೆ, ವಾಪಸ್ ಕಳ್ಸಿದ್ರು," ಎಂದಳು ಆಲ್ಬಿನಾ. ಇಂಥದಕ್ಕೆ ಉತ್ತರ ಕೊಟ್ಟೂ ಕೊಟ್ಟೂ ಅವಳ ನಾಲಗೆ ಚುರುಕಾಗಿತ್ತು.

"ಹೂವಿನ ಚಕ್ರಕ್ಕೆ ಚಂದಾ ಎತ್ತೋಣ ಅಂತಿದ್ವಿ ಕಣೇ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು ಸಾಮಾನಿನ ಕೋಣೆಗೆ ಹೋಗಿ, ಟೊಮೇಟೊ ಡಬ್ಬಿಗಳ ನಡುವೆ ನಿಂತು ಅತ್ತಳು. ಫಿಲಿಸ್ ಬದುಕಿರುವಾಗ ಹಾಡು ತನ್ನದೆಂದರೆ ಸುಳ್ಳು. ಈಗ ಸತ್ತವಳ ಹೆಸರಿಗೆ ಅದನ್ನು ಪೂರ್ತಿ ಬರೆದುಕೊಟ್ಟ ಹಾಗಾಯಿತು. ಫಿಲಿಸ್ ಬಗ್ಗೆ ಅವಳಿಗೆ ಸಿಟ್ಟಿರಲಿಲ್ಲ. ಅವಳನ್ನು ಕಂಡೇ ಇರಲಿಲ್ಲ. ಆದರೆ ತಾನೂ ಒಂದು ದಿನ ಸಾಯುತ್ತೇನೆ, ಎಮಿಲ್ ಶವಪೆಟ್ಟಿಗೆಯ ಪಕ್ಕ ನಿಂತು ಒಳ್ಳೆಯ ಹೆಂಗಸು, ಒಂದೇ ಒಂದು ಸುಳ್ಳು ಹೇಳಿದ್ದಳು, ನಾನು ಕ್ಷಮಿಸಿದ್ದೆ ಎಂದುಕೊಳ್ಳುತ್ತಾನೆ ಎಂಬುದು ಅವಳಿಗೆ ಸಹಿಸಲಾಗಲಿಲ್ಲ.

ಅವತ್ತು ಸಂಜೆ ಅಡುಗೆಮನೆಯ ಗೋಡೆಯ ಫೋನಿನಿಂದ ಆಸ್ಟ್ರಾಂಡರನ ಔಷಧಿ ಅಂಗಡಿಗೆ ಫೋನು ಮಾಡಿದಳು. ಎಮಿಲ್ ಅಲ್ಲೇ ಮೇಜಿನಲ್ಲಿ ಅಕಾರ್ಡಿಯನ್ನಿನ ಹರಿದ ಪಟ್ಟಿ ಹೊಲಿಯುತ್ತಿದ್ದ. ಕೇಳಲಿ ಎಂದೇ ಅವಳು ಅವನನ್ನು ಎಬ್ಬಿಸಲಿಲ್ಲ.

"ನೋಡಿ ಅಮ್ಮ," ಎಂದ ಆಸ್ಟ್ರಾಂಡರ್, ಅವಳು ಹೇಳಿದ್ದೆಲ್ಲ ಕೇಳಿದ ಮೇಲೆ. "ನಿನ್ನೆಯಿಂದ ನನಗೆ ಫೋನ್ ಮಾಡಿದ ಲೋನಾ ಡೆಲ್ ಪೈಕಿ ನೀವು ಮೂರನೆಯೋರು. ಒಬ್ಬರು 'ಅದು ನಮ್ಮ ಚಿಕ್ಕಮ್ಮ' ಅಂದ್ರು. ಇನ್ನೊಬ್ಬರಿಗೆ ಹಾಲ್ಡೇನ್ ಯಾರು ಅಂತಾನೇ ಗೊತ್ತಿರ್ಲಿಲ್ಲ."

"ಡಿಸೆಂಬರಿನ ಎರಡು ಪ್ಲೇಟು ಫಿಲಿಸ್ ಹಾಡಿದ್ದು. ದನಿ ಮೇಲಿದೆ. ಮೇ ತಿಂಗಳ ಆರೂ ನಂದು. ದನಿ ಕೆಳಗಿದೆ. ಕಿವಿ ಇದ್ದೋರಿಗೆ ಗೊತ್ತಾಗುತ್ತೆ."

"ಐದು ತಿಂಗಳಲ್ಲಿ ಗಂಟಲು ಮಾಗಿತು ಅಂತ ನಾನೇ ಒಂದು ಲೇಖನ ಬರೆದಿದ್ದೀನಿ," ಎಂದ ಆಸ್ಟ್ರಾಂಡರ್, ಕೊಂಚ ಮುಜುಗರದಿಂದ.

"ಮಾಗೋಕೆ ಅದೇನು ಪ್ಲಮ್ ಹಣ್ಣೇ?"

"ಸರಿ ಅಮ್ಮ. ಒಂದು ಪ್ರಶ್ನೆ ಕೇಳ್ತೀನಿ. 'ಕೊನೆಯ ಬಸ್ಸು' ಹಾಡಿನ ಇನ್ನೊಂದು ಪ್ಲೇಟು ನನ್ನ ಹತ್ರ ಇದೆ. ಅದೇ ದಿನದ್ದು, ಅಂಗಡಿಗೆ ಬರದೇ ಇದ್ದದ್ದು. ಹಾಲ್ಡೇನ್ ಸತ್ತ ಮೇಲೆ ಅವರ ಮನೆ ಸಾಮಾನು ಹರಾಜು ಹಾಕಿದಾಗ ಸಿಕ್ತು. ಹಾಡು ನಡುವೆ ನಿಂತುಹೋಗುತ್ತೆ. ಯಾಕೆ ನಿಂತಿತು ಹೇಳಿ. ಆ ಕೋಣೆಯಲ್ಲಿ ಇದ್ದೋರಿಗೆ ಮಾತ್ರ ಗೊತ್ತಿರುತ್ತೆ. ಪ್ಲೇಟು ಕೇಳಿರೋನು ನಾನೊಬ್ಬನೇ, ಯಾರಿಗೂ ಹೇಳಿಲ್ಲ."

ಆ ಪ್ಲೇಟು ಉಳಿದಿದೆ ಎಂದು ಆಲ್ಬಿನಾ ಕನಸಿನಲ್ಲೂ ಎಣಿಸಿರಲಿಲ್ಲ. ಆ ಕಾಲದಲ್ಲಿ ಮೇಣದ ದಪ್ಪ ಬಿಲ್ಲೆಯ ಮೇಲೆ ಹಾಡು ಕೆತ್ತುತ್ತಿದ್ದರು. ಸೂಜಿ ಇಳಿದು ಕೆಂಪು ದೀಪ ಹತ್ತಿದರೆ ಆಯಿತು, ಒಬ್ಬನು ಕೆಮ್ಮಿದರೂ ಬಿಲ್ಲೆ ಹಾಳು. ಹಾಳಾದದ್ದನ್ನು ಹೆರೆದು ಮತ್ತೆ ಬಳಸುತ್ತಿದ್ದರು. ತನ್ನದೂ ಹಾಗೇ ಹೆರೆದು ಹೋಯಿತು ಎಂದುಕೊಂಡಿದ್ದಳು. ಮೂವತ್ತನಾಲ್ಕು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು ಈಗ, ಗಂಡನ ಎದುರಿಗೆ, ಹೇಳಬೇಕಿತ್ತು.

"ನಾನೇ ಹಾಳು ಮಾಡ್ದೆ," ಎಂದಳು. "ಫಿಲಿಸ್ ಶ್ರುತಿಯಲ್ಲಿ ಎತ್ಕೊಂಡುಬಿಟ್ಟೆ."

"ಬಿಡಿಸಿ ಹೇಳಿ."

"ಬ್ಯಾಂಡಲ್ಲಿ ಎಲ್ಲ ಸ್ವರ ಬರೆದ ಕಾಗದ ನೋಡಿ ನುಡ್ಸೋದಲ್ವಾ. ಹದಿನಾಲ್ಕು ಜನಕ್ಕೆ ಹದಿನಾಲ್ಕು ಕಾಗದ. ಎಲ್ಲ ಫಿಲಿಸ್ ಗಂಟಲಿಗೆ ಬರೆದಿದ್ದು. ಹಾಡೋ ಹುಡುಗಿ ಬದಲಾದ್ಲು ಅಂತ ಯಾರು ಬರೀತಾರೆ ಹೊಸದಾಗಿ? ನಾವು ಹುಡುಗೀರೇ ತುದಿಗಾಲಲ್ಲಿ ನಿಂತು ಹಾಡ್ಕೋಬೇಕು. ಆರ್ವಿಲ್ ಪೀಕ್ ಒಬ್ಬನಿಗೆ ಕರುಣೆ ಬಂತು. ಶಿಕಾಗೋಗೆ ಹೋಗೋ ಮೊದಲು, ಬಸ್ಸಲ್ಲಿ ಪೆಟ್ಟಿಗೇನ ತೊಡೆ ಮೇಲಿಟ್ಕೊಂಡು, ಆರು ಹಾಡೂ ನನ್ನ ಗಂಟಲಿಗೆ ಇಳಿಸಿ ಬರೆದ. ಹದಿನಾಲ್ಕು ಕಾಗದ, ಆರು ಹಾಡು. ನನಗೆ ಯಾರೂ ಅಂಥ ಉಡುಗೊರೆ ಕೊಟ್ಟಿಲ್ಲ. ಹಳೇ ಕಾಗದ, ಹೊಸ ಕಾಗದ ಎರಡೂ ಒಂದೇ ಕಡತದಲ್ಲಿತ್ತು. ಅವತ್ತು ಕೆಂಪು ದೀಪ ಹತ್ತಿತು, ನನ್ನ ಸರದಿ ಬಂತು, ಬಾಯಿ ತೆಗೆದ್ರೆ ಫಿಲಿಸ್ ಶ್ರುತಿ ಬಂದುಬಿಡ್ತು. ಬ್ಯಾಂಡು ಕೆಳಗೆ, ನಾನು ಮೇಲೆ. ಎಲ್ಲ ಕುಸಿದುಬಿತ್ತು. ಹಾಲ್ಡೇನ್ ಸಾಹೇಬ್ರು ಬೈದ್ರು."

"ಏನಂತ ಬೈದ್ರು?"

"ಅದನ್ನ ನಾನು ಹೇಳಲ್ಲ. ಕೇಳಬೇಡಿ."

ಆಸ್ಟ್ರಾಂಡರನ ದನಿಯೇ ಬದಲಾಯಿತು. "ಶ್ರೀಮತಿ ಸ್ಟುಪ್ಕಾ, ಇಪ್ಪತ್ತು ವರ್ಷದಿಂದ ಈ ಪ್ಲೇಟು ನನಗೆ ಒಗಟಾಗಿತ್ತು. ಅದರಲ್ಲಿ ಬೈಸಿಕೊಂಡೋಳು ಅವತ್ತೊಂದು ದಿನ ಪರೀಕ್ಷೆಗೆ ಬಂದ ಯಾರೋ ಹುಡುಗಿ, ಆಮೇಲೆ ಸರಿಯಾಗಿ ಹಾಡಿದ್ದು ಫಿಲಿಸ್ ಅಂದ್ಕೊಂಡಿದ್ದೆ. ಭಾನುವಾರ ನಾನು ಇದನ್ನ ರೇಡಿಯೋದಲ್ಲಿ ಹಾಕ್ತೀನಿ."

"ಬೇಡ! ನೀವು ಬಾಯಲ್ಲಿ ಹೇಳಿ ಸಾಕು. ಅದನ್ನ ಹಾಕಬೇಡಿ."

"ನನ್ನ ಬಾಯಿ ಮಾತು ಯಾರು ನಂಬ್ತಾರೆ? ನಾಳೆ ನಾಲ್ಕನೆಯ ಲೋನಾ ಫೋನ್ ಮಾಡ್ತಾರೆ. ಹಾಳಾದ ಪ್ಲೇಟಿಗಿಂತ ಒಳ್ಳೆ ಸಾಕ್ಷಿ ಇನ್ನೊಂದಿಲ್ಲ. ಆದರೆ ನೀವು ಬೇಡ ಅಂದ್ರೆ ಹಾಕಲ್ಲ."

ಆಲ್ಬಿನಾ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಬ್ಲಾಂಚ್, ಲಾಡಾನ ಅಂಗಡಿಯ ಗಿರಾಕಿಗಳು, ಚರ್ಚಿನ ಹೆಂಗಸರು, ಎಲ್ಲರೂ ರೇಡಿಯೋದ ಮುಂದೆ ಕೂತು ಅವಳು ಎಡವಿದ್ದನ್ನು ಕೇಳುತ್ತಾರೆ. ಹಾಡು ಅವಳದೆಂದು ಗೊತ್ತಾಗುವುದು ಅವಳಿಗೆ ಹಾಡಲು ಬರಲಿಲ್ಲ ಎಂಬುದರಿಂದ.

"ಹಾಕಿ," ಎಂದಳು ಕೊನೆಗೆ. "ಸುಳ್ಳಿ ಅನ್ನಿಸ್ಕೊಳ್ಳೋದಕ್ಕಿಂತ ತಪ್ಪಿದೋಳು ಅನ್ನಿಸ್ಕೊಳ್ಳೋದು ವಾಸಿ."

ಎಮಿಲ್ ಸೂಜಿ ನಿಲ್ಲಿಸಿದ್ದ. ಕಸಾಯಿಖಾನೆ ಮುಚ್ಚಿದ ಮೇಲೆ ಅವನು ಚರ್ಚಿನಲ್ಲಿ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದ. ಆ ವಾರ ಚರ್ಚಿನ ಬೆಂಚುಗಳು ಎಂದೂ ಇಲ್ಲದಷ್ಟು ಹೊಳೆದವು. ಶುಕ್ರವಾರ ಮೀನಿನ ಊಟದ ಹೊತ್ತಿಗೆ ತಟ್ಟೆ ನೋಡುತ್ತಲೇ ಕೇಳಿದ:

"ತಪ್ಪಿದ್ದು ಹೌದಾ?"

"ಹೌದು."

"ನನಗೆ ಯಾವತ್ತೂ ಹೇಳಲೇ ಇಲ್ಲ."

"ಹಾಡಿದ್ದನ್ನೇ ನಂಬದೋನಿಗೆ ತಪ್ಪಿದ್ದನ್ನ ಹೇಳ್ಲಾ?"

ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ತೊಡಗಿದ. ಜಂಬಕ್ಕೆ ಸುಳ್ಳು ಹೇಳುವವರನ್ನು ಅವನು ಬಹಳ ಕಂಡಿದ್ದ. ಅವನೇ ಹಿಡಿದ ಮೀನುಗಳು ವರ್ಷ ವರ್ಷ ಉದ್ದವಾಗುತ್ತಿದ್ದವು. ತನ್ನ ಅವಮಾನವನ್ನು ಯಾರೂ ಕಟ್ಟಿ ಹೇಳುವುದಿಲ್ಲ. ಆ ಲೆಕ್ಕ ಅವನ ತಲೆಯಲ್ಲಿ ಸೋಮವಾರ ಸಂಜೆಯಿಂದ ತಿರುಗುತ್ತಿತ್ತು, ಎಲ್ಲಿ ಬಂದು ನಿಲ್ಲುತ್ತದೆ ಎಂದು ಅವನಿಗೂ ಗೊತ್ತಿತ್ತು, ನಿಲ್ಲಿಸಲು ಧೈರ್ಯವಿರಲಿಲ್ಲ.

ಭಾನುವಾರ ಅವಳು ಬಾತುಕೋಳಿ ಬೇಯಿಸಿದಳು, ಹುಳಿ ಎಲೆಕೋಸು ಮಾಡಿದಳು, ಹಿಟ್ಟಿನ ಕಡುಬು ಕುದಿಸಿ ದಾರದಿಂದ ಹೋಳು ಮಾಡಿದಳು. ಕೈ ಕೆಲಸದಲ್ಲಿದ್ದರೆ ಹೊತ್ತು ಹೋಗುತ್ತದೆ ಎಂದು. ಎರಡು ಗಂಟೆಗೆ ಎಮಿಲ್ ತಾನೇ ಎದ್ದು ರೇಡಿಯೋ ಹಾಕಿದ.

"ಹೋದ ವಾರ ನಾನು ಒಂದು ತಪ್ಪು ಹೇಳಿದೆ," ಎಂದ ಆಸ್ಟ್ರಾಂಡರ್. "ಲೋನಾ ಡೆಲ್ ಅಂತ ಒಬ್ಬರಲ್ಲ, ಇಬ್ಬರಿದ್ರು. ಮೊದಲನೆಯೋರು ಫಿಲಿಸ್ ಥಾರ್ಪ್. ಎರಡನೆಯೋರು ಈ ಊರಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ಅವರ ಹೆಸರು ನಾನು ಹೇಳಲ್ಲ. ಈ ಪ್ಲೇಟೇ ಹೇಳುತ್ತೆ, ಕೇಳಿ."

ಚರಚರ. ಸ್ಯಾಕ್ಸೋಫೋನುಗಳು. ಅದೇ ಹಾಡು, ಹೋದ ವಾರದಷ್ಟೇ ಚೆನ್ನಾಗಿ. ಆಲ್ಬಿನಾ ಒಲೆಯ ಕಡೆ ಮುಖ ಮಾಡಿ ನಿಂತಳು. ಟ್ರಾಂಬೋನು ಮೂರು ಸ್ವರ ಹತ್ತಿ ನಿಂತಿತು, ಹುಡುಗಿಯ ದನಿ ಎತ್ತರದಲ್ಲಿ, ಗಂಟಲು ಬಿಗಿದುಕೊಂಡು ಶುರುವಾಯಿತು, ಕೆಳಗೆ ಬ್ಯಾಂಡು ಬೇರೆಲ್ಲೋ ಹೋಗುತ್ತಿತ್ತು. ಎರಡು ಸಾಲು ಎಳೆದಾಡಿ, ಒಂದೊಂದೇ ವಾದ್ಯ ಕೈಬಿಟ್ಟು, ಎಲ್ಲ ನಿಂತಿತು. ಕುರ್ಚಿ ಜರುಗಿದ ಸದ್ದು. ಸೂಜಿಯನ್ನು ಎತ್ತಬೇಕಾದವನು ಎತ್ತಿರಲಿಲ್ಲ. ಮೇಣ ತಿರುಗುತ್ತಲೇ ಇತ್ತು. ಆಗ ದೂರದಿಂದ, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ, ಹಾಲ್ಡೇನನ ದನಿ ಬಂತು.

"ನಿಲ್ಸಿ, ನಿಲ್ಸಿ! ಆಲ್ಬಿನಾ! ಆಲ್ಬಿನಾ ಹ್ರುಷ್ಕಾ! ಅದು ಫಿಲಿಸ್ ಶ್ರುತಿ. ನೀನು ಫಿಲಿಸ್ ಅಲ್ಲ, ಯಾವತ್ತಿಗೂ ಆಗೋದಿಲ್ಲ. ಸೌತ್ ಒಮಾಹಾದಿಂದ ಕಸಾಯಿಯವನ ಮಗಳನ್ನ ಎತ್ಕೊಂಡು ಬಂದ್ರೆ ಇನ್ನೇನಾಗುತ್ತೆ!"

ಆಮೇಲೆ ತೀರ ಸಣ್ಣದಾಗಿ, ಮೈಕಿನ ಹತ್ತಿರವೇ ಇದ್ದುದರಿಂದ ಸ್ಪಷ್ಟವಾಗಿ, ಹುಡುಗಿಯ ಮಾತು: "ತಪ್ಪಾಯ್ತು, ಹಾಲ್ಡೇನ್ ಸರ್."

ಅಲ್ಲಿಗೆ ಪ್ಲೇಟು ಮುಗಿಯಿತು.

ತಾನು ಹಾಗೆಂದದ್ದು ಅವಳಿಗೆ ಮರೆತುಹೋಗಿತ್ತು. ಬೈಗುಳದ ಒಂದೊಂದು ಅಕ್ಷರವೂ ನೆನಪಿತ್ತು, ಇದು ಮಾತ್ರ ಇರಲಿಲ್ಲ. ಕಣ್ಣು ಒರೆಸಿಕೊಳ್ಳಲು ಏಪ್ರನ್ ಎತ್ತಿದಳು. ಅದರಲ್ಲಿ ಬಾತುಕೋಳಿಯ ಕೊಬ್ಬು ಹತ್ತಿತ್ತು, ಹಾಗೇ ಬಿಟ್ಟಳು. ಎಂಟು ಪ್ಲೇಟುಗಳಲ್ಲಿ ಎಲ್ಲೂ ಇಲ್ಲದ ಅವಳ ಹೆಸರು ಇದೊಂದರಲ್ಲಿ ಇತ್ತು.

"ತಪ್ಪಿದ್ದು ನೀನಲ್ಲ," ಎಂದ ಎಮಿಲ್.

ಅವಳು ತಿರುಗಿದಳು.

"ಆ ಟ್ರಾಂಬೋನಿನವನು," ಎಂದ. ಪೋಲ್ಕಾದವನಾದರೂ ಅವನ ಕಿವಿ ಕಿವಿಯೇ. "ನಿನಗೆ ಸ್ವರ ಕೊಡೋನು ಅವನು ತಾನೇ? ಹೋದ ವಾರದ್ದರಲ್ಲಿ ಕೆಳಗೆ ಕೊಟ್ಟ. ಇದರಲ್ಲಿ ಮೇಲೆ ಕೊಟ್ಟಿದ್ದಾನೆ. ಹಳೇ ಕಾಗದ ಮುಂದಿಟ್ಕೊಂಡಿದ್ದಾನೆ ಗಾಂಪ! ಅವನು ಕೊಟ್ಟಿದ್ದನ್ನೇ ನೀನು ಹಿಡಿದೆ. ಸರಿಯಾಗೇ ಹಿಡಿದೆ. ಹಾಲ್ಡೇನ್‌ಗೆ ಅಷ್ಟೂ ಗೊತ್ತಾಗಲಿಲ್ವಾ? ಅವನ್ಯಾರು ನಿನ್ನ ಮೇಲೆ ಹಾಗೆ ಕೂಗೋಕೆ?"

ಅವಳು ಮೇಜಿನ ಅಂಚು ಹಿಡಿದು ಕೂತಳು. ಟ್ರಾಂಬೋನಿನವನ ಹೆಸರು ಗಸ್. ಒಳ್ಳೆಯವನು, ತುಸು ಮರೆಗುಳಿ. ಅವನಿಗೂ ಗೊತ್ತಿತ್ತೋ ಇಲ್ಲವೋ. ತನ್ನ ಕಿವಿಯನ್ನು ತಾನೇ ನಂಬದೆ ಕಳೆದ ಅಷ್ಟೂ ವರ್ಷಗಳನ್ನು ನೆನೆದು ಅವಳಿಗೆ ಒಮ್ಮೆಗೇ ಸಿಟ್ಟೂ ಬಂತು, ನಗುವೂ ಬಂತು.

ಫೋನು ಹೊಡೆದುಕೊಂಡಿತು. ಎಮಿಲ್ ಎತ್ತಿದ. ಆ ಕಡೆಯಿಂದ ಬ್ಲಾಂಚ್ ವೊಂಡ್ರಾಳ ಗಂಟಲು ಅಡುಗೆಮನೆಗೆಲ್ಲ ಕೇಳಿಸಿತು: "ಲೋನಾ ಇದ್ದಾಳಾ? ಕರಿಯೋ ಎಮಿಲ್, ನನ್ನ ಲೋನಾನ ಕರಿಯೋ!" ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಆಲ್ಬಿನಾ ಊಟಕ್ಕೆ ಕೂತಿದ್ದಾಳೆ," ಎಂದು ಹೇಳಿ ಎಮಿಲ್ ಫೋನು ಇಟ್ಟ. ಅದು ಮತ್ತೆ ಹೊಡೆದುಕೊಂಡಿತು. ಅವನು ಎತ್ತದೆ ಬಂದು ಅವಳ ಎದುರಿಗೆ ಕೂತ. ತಟ್ಟೆಗೆ ಕಡುಬು ಬಡಿಸಿಕೊಂಡ, ತಿನ್ನಲಿಲ್ಲ. ಮೊದಲು ಅವಳಿಗೆ ಬಡಿಸಬೇಕಿತ್ತು ಎಂದು ಆಮೇಲೆ ಹೊಳೆಯಿತೇನೋ, ತನ್ನ ತಟ್ಟೆಯನ್ನೇ ಅವಳ ಮುಂದಕ್ಕೆ ತಳ್ಳಿದ.

"ತಪ್ಪಾಯ್ತು ಕಣೇ ಆಲ್ಬಿ," ಎಂದ.

ಅವಳು ಸುಮ್ಮನೆ ಒಪ್ಪಿಕೊಳ್ಳಬಹುದಿತ್ತು. ಒಳ್ಳೆಯ ಹೆಂಗಸರು ಒಪ್ಪಿಕೊಳ್ಳುತ್ತಾರೆ. ಅವಳಿಗೆ ಅವತ್ತು ಒಳ್ಳೆಯ ಹೆಂಗಸಾಗಲು ಇಷ್ಟವಿರಲಿಲ್ಲ.

"ಯಾವುದು ತಪ್ಪಾಯ್ತು? ಅವತ್ತು ಲಾಡಾನ ಅಂಗಡಿಯಲ್ಲಿ ನಕ್ಕಿದ್ದಾ?"

"ನಕ್ಕಿದ್ದಕ್ಕಲ್ಲ. ಎಲ್ಲರೂ ನಕ್ಕರು." ಎಮಿಲ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವನು ಅಳುವುದನ್ನು ಅವಳು ಅವನ ತಾಯಿ ಸತ್ತಾಗ ಒಂದು ಸಲ ಕಂಡಿದ್ದಳು, ಅಷ್ಟೆ. "ಆಮೇಲೆ ನಿನ್ನ ಕ್ಷಮಿಸಿದ್ನಲ್ಲ, 'ಕ್ಷಮಿಸ್ದೆ' ಅಂತ ದೊಡ್ಡದಾಗಿ ಹೇಳಿ. ಅದಕ್ಕೆ."

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಆಲ್ಬಿನಾ ತಟ್ಟೆ ಎಳೆದುಕೊಂಡು, ಕಡುಬನ್ನು ಸರಿಯಾಗಿ ಎರಡು ಭಾಗ ಮಾಡಿ, ಅವನಿಗೆ ಅರ್ಧ ಹಾಕಿದಳು.